ಇಳಿಬಸಪ್ಪ ಮಾವಶಿಯನ್ನು ಇಳಿದದ್ದು

ನನ್ನ ಹೆಸರು ಹೊಳಬಸಪ್ಪ. ಇನ್ನೊಮ್ಮೆ ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ಹೊಳಬಸಪ್ಪ. ಇದು ನಮ್ಮ ಅಜ್ಜನ ಹೆಸರು. ಮುದ್ದೇಬಿಹಾಳದ ಕಡೆಯಿಂದ ಇಳಕಲ್ ಸೀರೆಗಳ ಗಂಟು ಹೊತ್ತು ಪುಣೆಗೆ ಬಂದು, ಹಡಪಸರದ ಗದ್ದಲದಲ್ಲಿ ಅಂಗಡಿ ಹಾಕಿ, ಇಲ್ಲಿನ ಮರಾಠಿ ಹೆಣ್ಣುಮಕ್ಕಳಿಗೆ ಇಳಕಲ್ ಸೆರಗಿನ ರುಚಿ ಹತ್ತಿಸಿದ ಮನುಷ್ಯ ಅವನು. ಅಂಗಡಿಯ ಬೋರ್ಡಿನ ಮೇಲೆ ಇಂದಿಗೂ ಆ ಹೆಸರೇ ಇದೆ, ಕನ್ನಡದಲ್ಲೂ ಮರಾಠಿಯಲ್ಲೂ. ಇಂಥ ಹೆಸರನ್ನು ಪಕ್ಕದ ಹೋಟೆಲಿನ ಕಾಂತಪ್ಪ ಒಂದು ಭಾನುವಾರ ಮುಂಜಾನೆ ಹಲ್ಲು ಕಿರಿಯುತ್ತ ಕೆಡಿಸಿಬಿಟ್ಟ.

ಕಾಂತಪ್ಪ ಕಾರ್ಕಳದ ಕಡೆಯವನು. ನಮ್ಮ ಅಂಗಡಿಗೂ ಅವನ ಹೋಟೆಲಿಗೂ ನಡುವೆ ಒಂದೇ ಗೋಡೆ. ಅವನ ಒಗ್ಗರಣೆಯ ವಾಸನೆ ನಮ್ಮ ಸೀರೆಗಳಿಗೆ ಹತ್ತುತ್ತದೆಂದು ನಾನು, ನಮ್ಮ ಗಿರಾಕಿಗಳ ಚಪ್ಪಲಿ ಅವನ ಮೆಟ್ಟಿಲಿಗೆ ಬರುತ್ತವೆಂದು ಅವನು, ಹೀಗೆ ಇಪ್ಪತ್ತು ವರ್ಷಗಳಿಂದ ಜಗಳವಾಡುತ್ತ ಬಂದಿದ್ದೇವೆ. ಜಗಳ ಮುಗಿದ ಮೇಲೆ ಚಹಾ ಅವನದೇ. ನನಗೆ ಸಿಟ್ಟು ಬಂದಾಗ ಅವನು ಎನ್ನುತ್ತೇನೆ, ಸಿಟ್ಟು ಇಳಿದಾಗ ಅವರು ಎನ್ನುತ್ತೇನೆ. ಓದುವವರು ಅಷ್ಟು ಹೊಂದಿಸಿಕೊಳ್ಳಬೇಕು. ಇನ್ನೊಂದು ಮಾತು. ಕಾಂತಪ್ಪ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಹೋಟೆಲಿನ ಮುಂದೆ ಯಾವನಾದರೂ ರಿಕ್ಷಾದವನು ಬೀಡಿ ಹಚ್ಚಿದರೆ ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಾನೆ. ಇದು ಮುಂದೆ ಬೇಕಾಗುತ್ತದೆ, ನೆನಪಿನಲ್ಲಿಡಿ.

ಹೆಸರು ಕೆಟ್ಟದ್ದು ಸೈಕಲ್ಲಿನಿಂದ, ಆ ಸೈಕಲ್ ಹುಚ್ಚು ಹತ್ತಿಸಿದವಳು ನನ್ನ ಮಗಳು ಸ್ನೇಹಲ್. ವಿಮಾನ ನಗರದ ಆಫೀಸಿನಲ್ಲಿ ವಾರವೆಲ್ಲ ಕುರ್ಚಿಯ ಮೇಲೆ ಕೂತು, ಭಾನುವಾರ ಗುಡ್ಡದ ಮೇಲೆ ಸೈಕಲ್ ಹತ್ತಿಸಿ ಇಳಿಸಿ ಮೊಣಕಾಲು ತರಚಿಕೊಂಡು ಬರುವ ಹುಡುಗಿ. ಡಾಕ್ಟರು ನನಗೆ ಸಕ್ಕರೆ ಇದೆ, ಮೈ ಇಳಿಸಿ ಎಂದ ದಿನವೇ ಅವಳು ನನ್ನನ್ನು ಸೈಕಲ್ ಅಂಗಡಿಗೆ ಕರೆದೊಯ್ದು ಗುಡ್ಡದ ಸೈಕಲ್ ಕೊಡಿಸಿದಳು. ದಪ್ಪ ಟೈರು, ಟೈರಿಗೆಲ್ಲ ಹಲ್ಲು, ಮುಂದೆ ಶಾಕ್, ಒಂದೇ ಬೆರಳಿನಲ್ಲಿ ನಿಲ್ಲಿಸುವಂಥ ಬ್ರೇಕು. ನಾನು ಏನು ತಂದರೂ ಕಾಂತಪ್ಪನಿಗೆ ಅದು ಬೇಕೇ ಬೇಕು. ಎಂಟು ದಿನದಲ್ಲಿ ಅವನೂ ಒಂದು ತಂದು ನಮ್ಮ ಅಂಗಡಿಯ ಮುಂದೆ ನಿಲ್ಲಿಸಿದ.

"ನಿಮಗೆ ಸೈಕಲ್ ಬಿಡ್ಲಿಕ್ಕೆ ಬರ್ತದಾ ಶೇಠ್ರೇ?" ಎಂದು ಕೇಳಿದ.

"ಹಿಡದವರಲ್ರೀ ಬಿಡೂದು? ನಾವು ಸೈಕಲ್ ಹೊಡೀತೀವ್ರಿ."

"ಪಾಪ, ಅದೆಂತ ಮಾಡಿತು ಅಂತ ಅದಕ್ಕೆ ಹೊಡೆಯುವುದು?"

ಇದು ನಮ್ಮಿಬ್ಬರ ಹಳೆಯ ಚೇಷ್ಟೆ. ಅವರ ಕಡೆ ಗಾಡಿ ಬಿಡುತ್ತಾರೆ, ನಮ್ಮ ಕಡೆ ಗಾಡಿ ಹೊಡೆಯುತ್ತಾರೆ. ಇಬ್ಬರ ಗಾಡಿಯೂ ಹೋಗುವುದು ಒಂದೇ ರೀತಿ.

ಸಾಸವಡ ರಸ್ತೆ ಹಿಡಿದು ಹೋದರೆ, ಘಾಟಿಗೆ ಮೊದಲು ಒಂದು ಬೋಳು ಗುಡ್ಡ ಸಿಗುತ್ತದೆ. ಸ್ನೇಹಲಳ ಗೆಳೆಯರೆಲ್ಲ ಅದನ್ನು ಟ್ರೇಲ್ ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಆಡುಗಳು ಓಡಾಡಿ ಮಾಡಿದ ಕಾಲುದಾರಿ. ಹತ್ತುವುದು ಒಂದು ಬದಿ, ಇಳಿಯುವುದು ಇನ್ನೊಂದು ಬದಿ. ಹತ್ತುವ ಕಡೆ ಗರಸು, ಅಂದರೆ ಸಡಿಲ ಜಲ್ಲಿಮಣ್ಣು. ಗಾಲಿ ಗರ್ರೆಂದು ತಿರುಗಿ ಇದ್ದಲ್ಲೇ ಇರುತ್ತದೆ. ಸೀಟಿನ ಮೂಗಿನ ಮೇಲೆ ಕೂತು, ಎದೆಯನ್ನು ಹ್ಯಾಂಡಲಿನ ಹತ್ತಿರ ತಂದು, ಏರು ಬರುವ ಮೊದಲೇ ಹಗುರ ಗೇರು ಹಾಕಿ, ಉಸಿರು ಕಟ್ಟಿದರೂ ಕಾಲು ನಿಲ್ಲಿಸದೆ ತುಳಿಯಬೇಕು. ನಿಲ್ಲಿಸಿದರೆ ಮುಗಿಯಿತು, ಆ ಏರಿನಲ್ಲಿ ಮತ್ತೆ ಪೆಡಲಿಗೆ ಕಾಲು ಸಿಗುವುದಿಲ್ಲ. ಇಷ್ಟು ಭಾರದ ಮೈ ಹೊತ್ತುಕೊಂಡು ನಾನು ಒಂದು ಮಳೆಗಾಲ ಒದ್ದಾಡಿ ಆ ಏರನ್ನು ಗೆದ್ದೆ. ಅದನ್ನು ಯಾರೂ ಹೇಳುವುದಿಲ್ಲ ನೋಡಿ! ಹೇಳುವುದೆಲ್ಲ ಇಳಿಯುವ ಕಡೆಯ ಸುದ್ದಿಯೇ.

ಇಳಿಯುವ ಕಡೆ ಒಂದು ಬಂಡೆ ಇದೆ. ಅದಕ್ಕೆ ಹುಡುಗರು ಮಾವಶಿ ಎಂದು ಹೆಸರಿಟ್ಟಿದ್ದಾರೆ. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಮೊದಲು ನುಣ್ಣಗೆ ಬಾ ಬಾ ಎನ್ನುವಂತೆ ಇಳಿಜಾರು, ಆಮೇಲೆ ಫಕ್ಕನೆ ಎಡಕ್ಕೆ ತಿರುವು, ಅಲ್ಲಿಂದ ಮೆಟ್ಟಿಲಿನಂತೆ ಒಡೆದ ಕಲ್ಲು, ಕೊನೆಗೆ ಮೊಣಕಾಲೆತ್ತರದ ಒಂದು ಜಿಗಿತ. ಕೆನ್ನೆ ಸವರಿ ಆಮೇಲೆ ಬಾರಿಸುವ ಚಿಕ್ಕಮ್ಮ ಎಂದು ಅರ್ಥ. ಆ ತಿರುವಿಗೆ ಬರುತ್ತಲೇ ನನ್ನ ಧೈರ್ಯ ಮುಗಿಯುತ್ತಿತ್ತು. ಬ್ರೇಕು ಒತ್ತಿ, ಕಾಲೂರಿ, ಸೈಕಲಿನಿಂದ ಇಳಿದು, ಅದನ್ನು ಕೈಯಲ್ಲಿ ಹಿಡಿದು ನಡೆದುಕೊಂಡೇ ಕೆಳಗೆ ಹೋಗುತ್ತಿದ್ದೆ. ಪ್ರತಿ ಭಾನುವಾರವೂ ಇಷ್ಟೇ.

ಕಾಂತಪ್ಪ ಒಣಕಲು ಮನುಷ್ಯ. ಹಗುರ ಮೈ. ಅದೃಷ್ಟವೋ ಏನೋ, ಎರಡನೇ ವಾರದಲ್ಲೇ ಮಾವಶಿಯನ್ನು ದಾಟಿಬಿಟ್ಟ. ಕೆಳಗೆ ನಿಂತು, ನಾನು ಸೈಕಲ್ ತಳ್ಳಿಕೊಂಡು ಬರುವುದನ್ನು ನೋಡಿ ಕೂಗಿದ. "ಎಂತ ಶೇಠ್ರೇ, ಗುಡ್ಡ ಇಳಿಯಿರಿ ಅಂದ್ರೆ ನೀವು ಸೈಕಲ್ ಇಳೀತೀರಲ್ಲ! ಹೊಳಬಸಪ್ಪ ಅಲ್ಲ ನೀವು, ಇಳಿಬಸಪ್ಪ!"

ಸ್ನೇಹಲಳ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲಿ ಅರ್ಧ ಜನಕ್ಕೆ ಕನ್ನಡವೇ ಬರುವುದಿಲ್ಲ, ಆದರೂ ನಕ್ಕರು. ನನ್ನ ಸ್ವಂತ ಮಗಳು ಹೆಲ್ಮೆಟ್ಟಿನೊಳಗೆ ಮುಖ ಮುಚ್ಚಿಕೊಂಡಳು. ಭುಜ ಮಾತ್ರ ಕುಣಿಯುತ್ತಿತ್ತು.

ಹೆಸರು ಕೆಡಲು ಎಷ್ಟು ಹೊತ್ತು ಬೇಕು! ಅಂದೇ ತಿಂಡಿಯ ಹೊತ್ತಿಗೆ ಹೋಟೆಲಿನ ಮಾಣಿಗಳಿಗೆ ಗೊತ್ತಾಯಿತು. ಅವರಿಂದ ಹಾಲಿನವನಿಗೆ, ಹಾಲಿನವನಿಂದ ಇಡೀ ಗಲ್ಲಿಗೆ. ಮರಾಠಿಯವರ ಬಾಯಿಯಲ್ಲಿ ಅದು ಇಳೀಶೇಠ ಆಯಿತು. ಇಳಿ ಎಂದರೆ ಇಲ್ಲಿನ ಹಳ್ಳಿ ಮರಾಠಿಯಲ್ಲಿ ತರಕಾರಿ ಹೆಚ್ಚುವ ಈಳಿಗೆ. ಒಂದು ದಿನ ಯಾರೋ ಮುದುಕಿ ಅಂಗಡಿಗೆ ಬಂದು, ಹಾಸಿದ ಸೀರೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಒಳ್ಳೆಯ ಹರಿತದ ಈಳಿಗೆ ತೋರಿಸಪ್ಪಾ ಎಂದಳು. ನನಗೆ ಪಿತ್ತ ನೆತ್ತಿಗೇರಿತು. ಕನ್ನಡ ಸಂಘದ ಗಣೇಶೋತ್ಸವಕ್ಕೆ ಹೂವಿನ ವ್ಯವಸ್ಥೆ ನನ್ನದು. ಹೆಸರು ಬರೆಸಲು ಸಂಘದವರು ಫೋನು ಮಾಡಿದಾಗ ನಾನಿರಲಿಲ್ಲ, ಪಕ್ಕದ ಹೋಟೆಲಿನಲ್ಲಿ ಕೇಳಿದರು. ಬ್ಯಾನರಿನ ಮೇಲೆ ಕೈಯಗಲದ ಅಕ್ಷರದಲ್ಲಿ ಬಂತು, ಹೂವಿನ ಸೇವೆ ಶ್ರೀ ಇಳಿಬಸಪ್ಪನವರು.

ಆ ಬ್ಯಾನರಿನ ಕೆಳಗೆ ನಿಂತು ನನ್ನ ಹೆಂಡತಿ ಸಕ್ಕುಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ರೀ, ನಾ ತಾಳಿ ಕಟ್ಟಿಸ್ಕೊಂಡಿದ್ದು ಹೊಳಬಸಪ್ಪನ ಕಡಿಂದ. ಇಂವ ಯಾರ್ರೀ ಹೊಸಾಂವ?"

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ಆದರೆ ಆ ಹೊತ್ತಿಗೆ ನನ್ನ ಮಗ ಮಾಂತುವಿಗೆ ಗಂಡುಮಗು ಹುಟ್ಟಿತು.

ನಮ್ಮಲ್ಲಿ ಒಂದು ರೂಢಿ. ಅಜ್ಜನ ಹೆಸರು ನನಗೆ ಬಂತು, ನನ್ನ ಮೂಲಕ ಅದು ಮೊಮ್ಮಗನಿಗೆ ಹೋಗಬೇಕು. ಅಜ್ಜ ಪ್ರಾಣ ಬಿಡುವ ಮೊದಲು ನನ್ನ ತಲೆಯ ಮೇಲೆ ಕೈಯಿಟ್ಟು, ಹೆಸರು ಉಳಸಪಾ ತಮ್ಮಾ ಎಂದಿದ್ದ. ನಾನಾಗ ಚಡ್ಡಿ ಹಾಕುವ ಹುಡುಗ, ಏನೂ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ಕೂಸನ್ನು ಎತ್ತಿಕೊಂಡಾಗ ಅದರ ಗದ್ದ ಥೇಟ್ ಅಜ್ಜನದೇ. ನನ್ನ ಕಣ್ಣಲ್ಲಿ ನೀರು ಬಂತು. ಹೊಳಬಸವ ಎಂದು ಕರೆದೆ. ಸೊಸೆ ನೀತಾ ತಲೆ ತಗ್ಗಿಸಿದಳು.

"ಮಾವಾರ, ಸಿಟ್ಟಾಗಬ್ಯಾಡ್ರಿ. ಹೆಸರು ಭಾಳ ಛಲೋ ಅದ. ಆದ್ರ ನಾಳೆ ಸಾಲ್ಯಾಗ ಹುಡುಗರು ಕೂಸಿಗೆ ಇಳಿಬಸ್ಯಾ, ಇಳಿಬಸ್ಯಾ ಅಂದ್ರ ಏನ್ಮಾಡೂದ್ರಿ? ಈಗ ಗಲ್ಲಿ ತುಂಬ ಅದನ ಅಂತಾರ."

"ಮತ್ತ ಏನಂತ ಇಡ್ತೀಯವ್ವಾ?"

"ರಿಯಾಂಶ ಅಂತ ಇಡೂಣಂತೀನ್ರಿ."

ರಿಯಾಂಶ! ಅದರ ಅರ್ಥವೇನೆಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ, ಅವಳ ಮೊಬೈಲಿಗೂ ಗೊತ್ತಿರಲಿಲ್ಲ. ಆದರೆ ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೆತ್ತವಳು ಹೇಳಿದ್ದು ಸರಿಯೇ ಇತ್ತು. ಕೆಟ್ಟ ಹೆಸರನ್ನು ಕೂಸಿನ ಕೊರಳಿಗೆ ಯಾರು ಕಟ್ಟುತ್ತಾರೆ? ಸಿಟ್ಟು ಬಂದದ್ದು ಗೋಡೆಯ ಆಚೆಯವನ ಮೇಲೆ. ಮೆಟ್ಟಿದ ಚಪ್ಪಲಿಯಲ್ಲೇ ಹೋಟೆಲಿಗೆ ನುಗ್ಗಿದೆ. ಭಾನುವಾರದ ಗದ್ದಲ, ಕೂರಲು ಜಾಗವಿರಲಿಲ್ಲ.

"ಕಾಂತಪ್ಪ! ನಾ ಮಾವಶಿ ಇಳದ್ರ ಏನ್ಮಾಡ್ತೀರಿ?"

"ಗುಡ್ಡ ಇಳಿಯುವುದಾ, ಸೈಕಲ್ ಇಳಿಯುವುದಾ?" ಎಂದ ಆ ಮನುಷ್ಯ. ಎಲ್ಲ ಟೇಬಲುಗಳೂ ನಕ್ಕವು.

"ನೆಲಕ್ಕ ಕಾಲ ಹಚ್ಚಲಾರದ ಇಳದ್ರ?"

ಕಾಂತಪ್ಪ ಕೌಂಟರಿನ ಹಿಂದಿನಿಂದ ಎದ್ದು ನಿಂತ. "ಇಳಿದ್ರೆ ಇದೇ ಜಾಗದಲ್ಲಿ ನಿಂತು ನಿಮ್ಮ ಪೂರ್ತಿ ಹೆಸರು ಹಿಡಿದು ಕರೀತೇನೆ. ಮತ್ತೆ ಯಾರಾದ್ರೂ ಇಳಿಬಸಪ್ಪ ಅಂದ್ರೆ ಅವರಿಗೆ ನನ್ನ ಹೋಟೆಲಲ್ಲಿ ಒಂದು ಲೋಟ ನೀರೂ ಇಲ್ಲ. ಇಳೀದಿದ್ರೆ ಜೀವಮಾನ ಇಡೀ ಇಳಿಬಸಪ್ಪ. ನಿಮ್ಮ ಬೋರ್ಡಿಗೆ ಪೈಂಟ್ ಬೇಕಾದ್ರೆ ನಾನೇ ಹೊಡಿಸ್ತೇನೆ."

ಕೂಸಿನ ಸುದ್ದಿಯನ್ನು ಅವನಿಗೆ ಹೇಳಲಿಲ್ಲ. ಹೇಳಿದರೆ ಕನಿಕರ ತೋರಿಸುತ್ತಾನೆ. ಕಾಂತಪ್ಪನ ಕನಿಕರ ಯಾರಿಗೆ ಬೇಕು? ತೊಟ್ಟಿಲ ಕಾರ್ಯ ಸೋಮವಾರಕ್ಕೆ ಗೊತ್ತಾಗಿತ್ತು. ಅದರ ಹಿಂದಿನ ದಿನ, ಭಾನುವಾರ ಮುಂಜಾನೆ, ಮಾವಶಿ. ಇಳಿದರೆ ಹೊಳಬಸವ, ಇಲ್ಲದಿದ್ದರೆ ರಿಯಾಂಶ ಎಂದು ನೀತಾಳಿಗೆ ಮಾತು ಕೊಟ್ಟೆ.

ಆ ವಾರ ಸ್ನೇಹಲ್ ನನಗೆ ಪಾಠ ಹೇಳಿದಳು. ಅಪಾರ್ಟ್‌ಮೆಂಟಿನ ಮೆಟ್ಟಿಲುಗಳ ಮೇಲೆ! ಅವಳ ಕನ್ನಡ ಅರ್ಧ ಮರಾಠಿ. "ಪಪ್ಪಾ, ಪೆಡಲ್ ಎರಡೂ ಸಮಾ ಇಡ್ರಿ. ಕುಂಡಿ ಸೀಟಿನ ಹಿಂದ, ಇನ್ನೂ ಹಿಂದ. ಮೊಣಕೈ ಬಗ್ಗಸ್ರಿ. ಬ್ರೇಕಿಗೆ ಒಂದ ಬೆರಳು, ಮುಂದಿನ ಬ್ರೇಕ್ ಜೋರ ಹಿಡೀಬ್ಯಾಡ್ರಿ. ಆಣಿ ನಜರ್ ಪುಢೇ, ಕಣ್ಣು ಮುಂದ! ಕಲ್ಲ ನೋಡಬ್ಯಾಡ್ರಿ, ಹೋಗೂ ದಾರಿ ನೋಡ್ರಿ."

"ಕಲ್ಲ ನೋಡಲಿಲ್ಲಂದ್ರ ಬಡೀತದಲ್ಲವ್ವಾ?"

"ನೋಡಿದ್ರನ ಬಡೀತದ ಪಪ್ಪಾ."

ಮೆಟ್ಟಿಲಲ್ಲಿ ಧಡ್ ಧಡ್ ಎಂದು ನಾನು ಇಳಿಯುವಾಗ ಕೆಳಗಿನ ಮನೆಯ ಕಾಮಾಕ್ಷಮ್ಮ ಬಾಗಿಲು ತೆರೆದು, ಭೂಕಂಪವೇನೋ ಎಂದು ಮಕ್ಕಳನ್ನು ಕೂಗಿದರು. ನೋಡಿದರೆ ನಾನು. ಹೆಲ್ಮೆಟ್, ಧೋತರದ ಮೇಲೆ ಮೊಣಕಾಲಿನ ಪ್ಯಾಡು. ಅವರು ಬಾಗಿಲು ಹಾಕಿಕೊಂಡರು.

ಭಾನುವಾರ ಬಂತು. ಗುಡ್ಡದಲ್ಲಿ ನಾವು ಮೂವರೇ. ಜೊತೆಗೆ ದೂರದಲ್ಲಿ ಆಡು ಕಾಯುವ ಒಬ್ಬ ಮುದುಕ. ಕೆಂಪು ರುಮಾಲು ಸುತ್ತಿಕೊಂಡು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಏರನ್ನು ನಾನು ಕಾಲೂರದೆ ಹತ್ತಿದೆ. ಗರಸಿನಲ್ಲಿ ಹಿಂದಿನ ಗಾಲಿ ಎರಡು ಸಲ ಜಾರಿತು, ಎದೆ ತಗ್ಗಿಸಿ ತುಳಿದೆ, ಹತ್ತಿಬಿಟ್ಟೆ. ಕಾಂತಪ್ಪ ಮೊದಲೇ ಕೆಳಗೆ ಹೋಗಿ, ಜಿಗಿತದ ಮುಂದೆ ತೀರ್ಪು ಕೊಡುವ ಪಂಚನಂತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಸ್ನೇಹಲ್ ತಿರುವಿನ ಬದಿಗೆ. ನಾನು ಅಜ್ಜನನ್ನು ನೆನೆದು, ಕುಂಡಿ ಹಿಂದೆ ಹಾಕಿ, ಹೊರಟೆ.

ನುಣುಪಿನ ಇಳಿಜಾರು ಚೆನ್ನಾಗಿಯೇ ಹೋಯಿತು. ತಿರುವು ಬಂತು. "ನಜರ್ ಪುಢೇ!" ಎಂದು ಮಗಳು ಚೀರಿದಳು. ತಿರುವೂ ಆಯಿತು! ನಾನು ಹಿಂದೆಂದೂ ಅಲ್ಲಿಂದ ಮುಂದೆ ಸೈಕಲ್ಲಿನ ಮೇಲೆ ಹೋದವನಲ್ಲ. ಆ ಸಂತೋಷಕ್ಕೆ, ಅಷ್ಟೇ ನೋಡಿ, ಕೆಳಗೆ ನೋಡಿಬಿಟ್ಟೆ. ಒಡೆದ ಕಲ್ಲುಗಳು ಬಾಯಿ ತೆರೆದುಕೊಂಡು ಕೂತಿದ್ದವು. ಎರಡೂ ಬ್ರೇಕು ಒತ್ತಿದೆ. ಸೈಕಲ್ ನಿಲ್ಲುವುದೋ ಬೀಳುವುದೋ ಎಂದು ಅಲ್ಲೇ ತೂಗಾಡಿತು.

ಆಗ ಕೆಳಗಿನಿಂದ ಕಾಂತಪ್ಪ ಕೂಗಿದ. ಪಂತ ಗಿಂತ ಎಲ್ಲ ಮರೆತು, ಗಂಟಲು ಹರಿಯುವಂತೆ ಕೂಗಿದ. "ಬಿಡಿ! ಬಿಡಿ! ಸೈಕಲ್ ಬಿಡಿ ಮಾರಾಯ್ರೇ! ಬಿಡಿ!"

ಸೈಕಲ್ ಹೊಡಿ, ನಿಲ್ಲಬೇಡ, ಮುಂದಕ್ಕೆ ಬಾ ಎಂದು ಅದರ ಅರ್ಥ. ನನಗೆ ಗೊತ್ತಿಲ್ಲವೇ? ಇಪ್ಪತ್ತು ವರ್ಷ ಅದನ್ನೇ ಹಿಡಿದು ಚೇಷ್ಟೆ ಮಾಡಿದ್ದೇನೆ. ಆದರೆ ಗೊತ್ತಿದ್ದದ್ದು ತಲೆಗೆ. ಕೈಗಳು ಹುಟ್ಟಿದ್ದು ಮುದ್ದೇಬಿಹಾಳದಲ್ಲಿ. ಬಿಡಿ ಎಂದದ್ದು ಕಿವಿಗೆ ಬಿದ್ದದ್ದೇ ತಡ, ತಲೆಯನ್ನು ಒಂದು ಮಾತು ಕೇಳದೆ, ಹತ್ತೂ ಬೆರಳು ಒಟ್ಟಿಗೆ ಬಿಟ್ಟುಬಿಟ್ಟವು.

ಸೈಕಲ್ ನನ್ನ ಕಾಲುಗಳ ನಡುವಿನಿಂದ ಸರಕ್ಕನೆ ಜಾರಿ ಹೋಯಿತು. ನಾನು ಬಂಡೆಯ ಮೇಲೆ ಧೊಪ್ಪೆಂದು ಕೂತೆ, ಎರಡೂ ಕೈ ಮುಂದೆ ಚಾಚಿಕೊಂಡು. ಇಲ್ಲದ ಹ್ಯಾಂಡಲನ್ನು ಹಿಡಿದಂತೆ. ಸೈಕಲ್ ಏನು ಮಾಡಿತು ಗೊತ್ತೇ? ಒಡೆದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯಿತು. ಬೀಳಲಿಲ್ಲ, ಓಲಾಡಲೂ ಇಲ್ಲ. ಕೊನೆಯ ಜಿಗಿತವನ್ನು ಹಾರಿ, ಎರಡೂ ಗಾಲಿಗಳನ್ನು ಒಟ್ಟಿಗೆ ನೆಲಕ್ಕೆ ಮುಟ್ಟಿಸಿ, ಸೀದಾ ಕಾಂತಪ್ಪನ ಕಡೆ ನಡೆಯಿತು. ಮಾವಶಿಯನ್ನು ಅಷ್ಟು ಚೆಂದವಾಗಿ ಇಳಿದವರನ್ನು ನಾನು ನೋಡಿಲ್ಲ. ಓಡಿ ಬರುವ ಕರುವನ್ನು ಹಿಡಿಯುವವನಂತೆ ಕಾಂತಪ್ಪ ಎರಡೂ ಕೈ ಅಗಲಿಸಿದ. ಮುಂದಿನ ಗಾಲಿ ಅವನ ಕಾಲ ಹೆಬ್ಬೆರಳ ಮೇಲೆ ಹತ್ತಿತು. ಅವನೂ ಸೈಕಲ್ಲೂ ಕೂಡಿ ಮುಳ್ಳುಕಂಟಿಯೊಳಗೆ ಹೋದರು.

"ಅಯ್ಯಯ್ಯೋ! ಬಿಡಿ ಅಂದ್ರೆ ಬಿಡುವುದಾ ಮಾರಾಯ್ರೇ?" ಕಂಟಿಯೊಳಗಿನಿಂದ ದನಿ ಬಂತು.

"ಬಿಡ್ರಿ ಅಂದ್ರ ಬಿಡಲಾರದ ಏನ್ ಮಾಡ್ಲಿ?" ನಾನು ಬಂಡೆಯ ಮೇಲಿಂದಲೇ ಕೂಗಿದೆ.

"ಬಿಡಿ ಅಂದ್ರೆ ಹೊಡೀರಿ ಅಂತ!"

"ಹೊಡೀರಿ ಅನ್ಬೇಕಿತ್ತು ಮತ್ತ!"

ಅಷ್ಟರಲ್ಲಿ ಆಡು ಕಾಯುವ ಮುದುಕ ಲಗುಬಗೆಯಿಂದ ಇಳಿದು ಬಂದ. ಕಂಟಿಯಿಂದ ಹೊರಗೆ ತೆವಳುತ್ತಿದ್ದ ಕಾಂತಪ್ಪನ ಮುಂದೆ ಕೂತು, ಕಿಸೆಯಿಂದ ಕಟ್ಟು ತೆಗೆದು, ಒಂದು ಬೀಡಿಯನ್ನು ತುಟಿಯ ಹತ್ತಿರವೇ ಹಿಡಿದ. "ಶೇಠ, ಓರಡೂ ನಕಾ. ಹೀ ಘ್ಯಾ ಬಿಡಿ." ಅರಚಬೇಡ ಶೇಠ, ತಗೋ ಬೀಡಿ ಎಂದ. ಬೀಡಿಗೆ ಇಲ್ಲಿನವರು ಬಿಡಿ ಎನ್ನುತ್ತಾರೆ. ಪಾಪ, ಗುಡ್ಡದ ಮೇಲೆ ಒಬ್ಬ ದೊಡ್ಡ ಮನುಷ್ಯ ಬಿಡಿ ಬಿಡಿ ಎಂದು ಎದೆ ಒಡೆಯುವಂತೆ ಕೂಗಿಕೊಂಡರೆ ಅವನಾದರೂ ಏನು ತಿಳಿಯಬೇಕು?

ಕಾಂತಪ್ಪನ ಮುಖ ನೋಡಬೇಕಿತ್ತು. ಸ್ನೇಹಲ್ ನೆಲದ ಮೇಲೆ ಕೂತು ನಕ್ಕು ನಕ್ಕು ಕೆಮ್ಮುತ್ತಿದ್ದಳು. ನಾನೂ ನಗಲು ಬಾಯಿ ತೆರೆದೆ. ನಗು ಬರಲಿಲ್ಲ. ನನ್ನ ಎರಡು ಕಾಲುಗಳನ್ನು ನೋಡಿಕೊಂಡೆ. ಎರಡೂ ನೆಲದ ಮೇಲಿದ್ದವು.

ಮೆಲ್ಲಗೆ ಕೆಳಗೆ ಬಂದು ಕಾಂತಪ್ಪನ ಪಕ್ಕ ಕೂತೆ. ಹೆಬ್ಬೆರಳು ಊದುತ್ತಿತ್ತು. "ಸೋತೆ ಬಿಡ್ರಿ," ಎಂದೆ. "ಬೋರ್ಡಿಗೆ ಪೈಂಟ್ ಬ್ಯಾಡ. ಅಷ್ಟ ಮಾಡ್ರಿ."

"ಎಂತಕ್ಕೆ ಇಷ್ಟು ಸಪ್ಪಗೆ? ಒಂದು ತಮಾಷೆಯ ಹೆಸರಲ್ವಾ?"

ಆಗ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಅಜ್ಜ ತಲೆಯ ಮೇಲೆ ಕೈಯಿಟ್ಟದ್ದು, ಕೂಸಿನ ಗದ್ದ, ನೀತಾ ಹೇಳಿದ್ದು, ನಾಳೆಯ ತೊಟ್ಟಿಲು, ರಿಯಾಂಶ. "ನಿಮಗ ಅದು ಚೇಷ್ಟಿ. ನಮ್ಮಜ್ಜನ ಹೆಸರು ನನ್ನ ಕೈಯಾಗ ಬಂದು ಕೆಟ್ಟು ಹೋತು ಕಾಂತಪ್ಪ. ಕೂಸಿಗೆ ಕೊಡ್ಲಿಕ್ಕೆ ಬರಲಾರದಂಗ ಆತು." ನನ್ನ ದನಿ ಒಡೆಯಿತು. ಒಡೆದರೆ ಒಡೆಯಲಿ ಎಂದು ಬಿಟ್ಟೆ.

ಮುದುಕ ಕೊಟ್ಟ ಬೀಡಿ ಕಾಂತಪ್ಪನ ಕೈಯಲ್ಲಿ ಹಾಗೇ ಇತ್ತು. ಆಮೇಲೆ ಎದ್ದರು. ಕುಂಟುತ್ತ ಹೋಗಿ ಕಂಟಿಯಿಂದ ನನ್ನ ಸೈಕಲನ್ನು ಎಳೆದು ತಂದು, ವಾರೆಯಾಗಿದ್ದ ಹ್ಯಾಂಡಲನ್ನು ಮೊಣಕಾಲ ನಡುವೆ ಗಾಲಿ ಸಿಕ್ಕಿಸಿ ನೆಟ್ಟಗೆ ಮಾಡಿದರು. ಟೈರಿನ ಮುಳ್ಳು ಕಿತ್ತರು.

"ಮೇಲೆ ಹೋಗಿ," ಎಂದರು.

"ಪಂತ ಮುಗೀತಲ್ರಿ."

"ಎಂತ ಮುಗಿಯುವುದು? ನಾನು ಬಿಡಿ ಅಂದೆ, ನೀವು ಬಿಟ್ರಿ. ಅದು ನನ್ನ ಲೆಕ್ಕಕ್ಕೆ. ಹೋಗಿ ಹೇಳಿದ್ದಲ್ವಾ? ಈ ಸಲ ನಿಮ್ಮ ಭಾಷೆಯಲ್ಲೇ ಕಿರುಚ್ತೇನೆ. ನೀವು ಕಲ್ಲು ನೋಡ್ಬೇಡಿ, ನನ್ನನ್ನೇ ನೋಡಿ. ನಾನು ಇಲ್ಲಿಂದ ಅಲ್ಲಾಡುವುದಿಲ್ಲ."

ಮತ್ತೆ ಸುತ್ತಿ ಗರಸಿನ ಏರನ್ನು ಹತ್ತಿದೆ. ಈ ಸಲವೂ ಕಾಲು ಊರಲಿಲ್ಲ. ಮೇಲೆ ಹೋಗಿ ಉಸಿರು ತೆಗೆದುಕೊಳ್ಳಲೂ ನಿಲ್ಲಲಿಲ್ಲ. ನಿಂತರೆ ಹೆದರಿಕೆ ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆಂದು ನೇರ ಇಳಿಸಿಬಿಟ್ಟೆ. ನುಣುಪು ಹೋಯಿತು. ತಿರುವು ಹೋಯಿತು. ಅದೇ ಜಾಗ ಬಂತು. ಬೆರಳುಗಳು ಬ್ರೇಕಿನ ಕಡೆ ಹೊರಟವು. ಕೆಳಗೆ, ಊದಿದ ಕಾಲನ್ನು ಎತ್ತಿಕೊಂಡು, ಒಂದೇ ಕಾಲಿನ ಮೇಲೆ ನಿಂತು, ಕಾರ್ಕಳದ ಕಾಂತಪ್ಪನವರು ಕೂಗಿದರು.

"ಹೊಡೀರಿ! ಹೊಡೀರಿ ಶೇಠ್ರೇ! ಹೊಡೀರಿ! ಹೊಡಿ ಹೊಡಿ ಹೊಡಿ!"

ಆ ಮನುಷ್ಯನ ಬಾಯಲ್ಲಿ ಆ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಹೊಡೆದೆ. ಒಂದು ಕಲ್ಲು, ಇನ್ನೊಂದು ಕಲ್ಲು, ಮೊಣಕೈಗಳು ಗಡಗಡ ಎಂದವು, ಹಲ್ಲಿಗೆ ಹಲ್ಲು ಬಡಿಯಿತು, ಕುಂಡಿ ಹಿಂದಿನ ಗಾಲಿಗೆ ಸವರಿ ಧೋತರದ ಕಚ್ಚೆ ಹರಿಯಿತು. ನಾನು ಕಲ್ಲು ನೋಡಲಿಲ್ಲ. ಒಂಟಿಗಾಲಿನಲ್ಲಿ ಕುಣಿಯುತ್ತಿದ್ದ ಆ ಒಣಕಲು ಮನುಷ್ಯನನ್ನೇ ನೋಡಿದೆ. ಜಿಗಿತ ಬಂತು, ನೆಲ ಇಲ್ಲದಾಯಿತು, ಮತ್ತೆ ನೆಲ ಬಂತು. ನಾನು ಸೈಕಲ್ಲಿನ ಮೇಲೇ ಇದ್ದೆ.

ಅಪ್ಪಿಕೊಂಡೆವೋ ಡಿಕ್ಕಿ ಹೊಡೆದೆವೋ ಹೇಳಲಾರೆ. ಎರಡೂ ಆಯಿತು. ಸ್ನೇಹಲ್ ಓಡಿ ಬಂದು ಇಬ್ಬರ ಮೇಲೂ ಬ್ಯಾಗಿನ ನೀರು ಸುರಿದಳು. ಆ ಆಡಿನ ಮುದುಕ ಕಲ್ಲಿನ ಮೇಲಿಂದ ನಮ್ಮನ್ನು ನೋಡಿ ತನ್ನ ಆಡುಗಳಿಗೆ ಹೇಳುತ್ತಿದ್ದ. "ಆಧೀ ಬಿಡಿ ಮಾಗಿತಲೀ. ಆತಾ ಹೋಡೀ? ಡೋಂಗರಾವರ ಹೋಡೀ ಕುಠೂನ ಆಣೂ?" ಹೋಡೀ ಎಂದರೆ ಮರಾಠಿಯಲ್ಲಿ ದೋಣಿ. ಮೊದಲು ಬೀಡಿ ಕೇಳಿದ, ಈಗ ದೋಣಿಯಂತೆ, ಗುಡ್ಡದ ಮೇಲೆ ದೋಣಿ ಎಲ್ಲಿಂದ ತರಲಿ ಎನ್ನುತ್ತಿದ್ದ. ಕಾಂತಪ್ಪನವರು ಹೋಗಿ ಅವನಿಗೆ ಕೈಮುಗಿದು ಬೀಡಿಯನ್ನು ವಾಪಸು ಕೊಟ್ಟರು.

ಅಂದು ಹೋಟೆಲಿನಲ್ಲಿ ಅವರು ಮಾತು ಉಳಿಸಿಕೊಂಡರು. ಕೌಂಟರಿನ ಮುಂದೆ ಒಂಟಿಗಾಲಿನಲ್ಲಿ ನಿಂತು, "ಶ್ರೀ ಹೊಳಬಸಪ್ಪನವರಿಗೆ ಒಂದು ಬನ್ಸ್, ಒಂದು ಚಾ, ಸಕ್ಕರೆ ಇಲ್ಲದೆ!" ಎಂದು ಇಡೀ ಹಡಪಸರಕ್ಕೆ ಕೇಳುವಂತೆ ಕೂಗಿದರು. ಮನೆಗೆ ಹೋದಾಗ ಸಕ್ಕುಬಾಯಿ ಹರಿದ ಧೋತರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದಳು. "ಹೆಸರು ಉಳೀತು, ಮಾನ ಹೋತು," ಎಂದು ನಕ್ಕಳು. ನೀತಾ ಒಳಗಿನಿಂದ ಕೂಸನ್ನು ತಂದು ನನ್ನ ಕೈಗೆ ಕೊಟ್ಟಳು.

ಸೋಮವಾರ ತೊಟ್ಟಿಲು ಕಟ್ಟಿದೆವು. ಹೆಸರಿಡುವುದು ಸೋದರತ್ತೆಯ ಹಕ್ಕು. ಸ್ನೇಹಲ್ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು, ಹೊಳಬಸವ ಎಂದಳು. ರೂಢಿಯ ಪ್ರಕಾರ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಎಲ್ಲರಿಗಿಂತ ಜೋರಾಗಿ ಗುದ್ದಿದವರು ಕೆಳಗಿನ ಮನೆಯ ಕಾಮಾಕ್ಷಮ್ಮ. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಕಾಂತಪ್ಪನವರು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬ್ಯಾಂಡೇಜು ಹಾಕಿಕೊಂಡು, ಕಾಯಿಹಾಲು ಪಾಯಸದ ಪಾತ್ರೆ ಹೊರಿಸಿಕೊಂಡು ಬಂದರು. ಮೆಟ್ಟಿಲು ಹತ್ತುವಾಗ ಕೆಳಗೆ ಯಾರೋ, "ಬಿಡಿಶೇಠ, ಪಾಯಾಲಾ ಕಾಯ ಝಾಲಂ?" ಎಂದು ಕೇಳಿದ್ದು ನನಗೆ ಕೇಳಿಸಿತು. ಕಾಲಿಗೆ ಏನಾಯಿತು ಎಂದು ಕೇಳಿದ್ದು. ಆ ಹೆಸರು ಒಂದೇ ದಿನದಲ್ಲಿ ಗಲ್ಲಿಗೆ ಹೇಗೆ ಮುಟ್ಟಿತೋ ನನಗೆ ಗೊತ್ತಿಲ್ಲ. ಹಾಲಿನವನ ಜೊತೆ ಬೆಳಿಗ್ಗೆ ನಾನು ಮಾತಾಡಿದ್ದು ಹಾಲಿನ ಬಗ್ಗೆ ಮಾತ್ರ. ಬಹುಮಟ್ಟಿಗೆ.

ಕಾಂತಪ್ಪನವರು ನನ್ನನ್ನು ಸುಡುವಂತೆ ನೋಡಿ, ಆಮೇಲೆ ತೊಟ್ಟಿಲ ಮೇಲೆ ಬಗ್ಗಿದರು. ಕೂಸು ಅಂಗಾತ ಮಲಗಿ ಎರಡೂ ಕಾಲುಗಳನ್ನು ಒಂದಾದ ಮೇಲೊಂದು ಗಾಳಿಯಲ್ಲಿ ತುಳಿಯುತ್ತಿತ್ತು.

"ನೋಡಿ ಶೇಠ್ರೇ, ಈಗಲೇ ಸೈಕಲ್ ಬಿಡ್ತಾನೆ ನಿಮ್ಮ ಹೊಳಬಸವ!"

"ಬಿಡೂದಲ್ರಿ," ಎಂದೆ ನಾನು. "ಹೊಡೀತಾನ."